ಬಿಡುವಿಲ್ಲ, ಸಾಲುವುದಿಲ್ಲ, ಬರುವುದಿಲ್ಲ: ಕರಾವಳಿಯ ನಿದ್ದೆಗೇಡಿಗೆ ಮೂರು ಬೇರೆ ಮದ್ದು

ರಾತ್ರಿ ಮೂರು ಗಂಟೆಗೂ ಕರಾವಳಿ ಪೂರ್ತಿ ಮಲಗಿರುವುದಿಲ್ಲ. ಮಲ್ಪೆ ಬಂದರಿನಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಬೋಟುಗಳಿಂದ ಮೀನು ಇಳಿಸುವ ಕೆಲಸ ನಡೆದಿರುತ್ತದೆ. ವಾರ್ಡಿನಲ್ಲಿ ನೈಟ್ ಡ್ಯೂಟಿಯ ನರ್ಸ್ ಬಿ.ಪಿ. ನೋಡಿ ಚಾರ್ಟು ತುಂಬುತ್ತಿರುತ್ತಾರೆ. ಯಕ್ಷಗಾನ ಬಯಲಾಟವಿರುವ ಊರಿನಲ್ಲಿ ಬಣ್ಣದ ವೇಷಧಾರಿ ಚೌಕಿಯಲ್ಲಿ ಕಿರೀಟ ಕಟ್ಟಿಸಿಕೊಳ್ಳುತ್ತಿರುತ್ತಾರೆ. ಬೆಂಗಳೂರಿನಿಂದ ಹತ್ತು–ಹನ್ನೊಂದಕ್ಕೆ ಹೊರಟ ಬಸ್ಸು ಸಕಲೇಶಪುರ ದಾಟಿ ಶಿರಾಡಿ ಘಾಟಿಯ ತಿರುವುಗಳನ್ನು ಇಳಿಯುತ್ತಿರುತ್ತದೆ. ಮನೆಯಲ್ಲೇ ಇರುವವರ ಪೈಕಿಯೂ ಒಬ್ಬರು ಗಂಟೆ ನೋಡುತ್ತಾ ಮಗ್ಗುಲು ಬದಲಿಸುತ್ತಿರುತ್ತಾರೆ, ಇನ್ನೊಬ್ಬರು ಮನೆಯೆಲ್ಲ ಕೇಳುವಂತೆ ಗೊರಕೆ ಹೊಡೆಯುತ್ತಿರುತ್ತಾರೆ.

ಇವರಲ್ಲಿ ಯಾರು ವೈದ್ಯರ ಮುಂದೆ ಕೂತರೂ ಹೇಳುವ ಮಾತು ಒಂದೇ: "ನಿದ್ದೆ ಸರಿ ಇಲ್ಲ ಡಾಕ್ಟ್ರೇ." ಆದರೆ ಈ ಒಂದು ಮಾತಿನೊಳಗೆ ಮೂರು ತೊಂದರೆಗಳಿವೆ. ಒಂದು, ನಿದ್ದೆ ಬರುತ್ತದೆ, ಮಲಗಲು ಬಿಡುವಿಲ್ಲ. ಎರಡು, ಎಂಟು ಗಂಟೆ ಮಲಗಿದರೂ ನಿದ್ದೆ ಸಾಲುವುದಿಲ್ಲ. ಮೂರು, ಹಾಸಿಗೆಯೂ ಇದೆ, ಹೊತ್ತೂ ಇದೆ, ನಿದ್ದೆ ಬರುವುದಿಲ್ಲ. ಮೊದಲನೆಯದಕ್ಕೆ ವೇಳಾಪಟ್ಟಿಯೇ ಮದ್ದು. ಎರಡನೆಯದಕ್ಕೆ ಉಸಿರಾಟದ ಪರೀಕ್ಷೆ ಬೇಕು. ಮೂರನೆಯದಕ್ಕೆ ಒಂದು ಬಗೆಯ ತರಬೇತಿ ಬೇಕು. ನಿದ್ದೆ ಮಾತ್ರೆ ಮೂರರಲ್ಲಿ ಯಾವುದರ ಬುಡಕ್ಕೂ ಹೋಗುವುದಿಲ್ಲ, ಎರಡನೆಯದರಲ್ಲಂತೂ ಅಪಾಯ ತರಬಲ್ಲದು. ಆದರೂ ಮೂವರ ಕೈಗೂ ಹೆಚ್ಚಾಗಿ ಸಿಗುವುದು ಅದೇ ಮಾತ್ರೆ. ನಮ್ಮ ಜಿಲ್ಲೆಗಳಲ್ಲಿ ಆಸ್ಪತ್ರೆಗಳಿಗೂ ತಜ್ಞರಿಗೂ ಕೊರತೆಯಿಲ್ಲ. ತನ್ನದು ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಹೋಗುವುದರಿಂದಲೇ ಹೆಚ್ಚಿನ ಚಿಕಿತ್ಸೆ ದಾರಿ ತಪ್ಪುತ್ತದೆ.

ನಿದ್ದೆ ಬರುವ ಬಗೆ

ನಮ್ಮನ್ನು ಮಲಗಿಸುವುದು ಎರಡು ಶಕ್ತಿಗಳು. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಶೇಖರವಾಗುತ್ತಾ ಹೋಗುತ್ತದೆ. ಅದು ಹೆಚ್ಚಿದಷ್ಟೂ ನಿದ್ದೆಯ ಒತ್ತಡ ಹೆಚ್ಚು. ಮಲಗಿದಾಗ ಅದು ಕರಗುತ್ತದೆ. ಚಹಾ ಕಾಫಿಯ ಕೆಫೀನ್ ಅಡೆನೋಸಿನ್ನನ್ನು ಕರಗಿಸುವುದಿಲ್ಲ, ಅದು ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಅಷ್ಟೆ. ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುತ್ತದೆ. ಸಂಜೆ ಆರರ ಸ್ಟ್ರಾಂಗ್ ಕಾಫಿ ರಾತ್ರಿ ಹನ್ನೊಂದಕ್ಕೆ ಇನ್ನೂ ಅರ್ಧ ಲೋಟ ಬಾಕಿ ಇರುತ್ತದೆ ಎಂದು ಲೆಕ್ಕ ಹಿಡಿಯಬಹುದು.

ಎರಡನೆಯ ಶಕ್ತಿ ದೇಹದ ಗಡಿಯಾರ. ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮಿದುಳಿನ ಆಳದಲ್ಲಿ, ಸಣ್ಣದೊಂದು ಜೀವಕೋಶಗಳ ಗುಂಪು ಇಪ್ಪತ್ತನಾಲ್ಕು ಗಂಟೆಯ ತಾಳ ಹಾಕುತ್ತಿರುತ್ತದೆ. ಜೀವಕೋಶದೊಳಗೆ ಈ ತಾಳ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಬಂತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು, ಅದರಲ್ಲೂ ಬೆಳಗಿನ ಬಿಸಿಲು. ರಾತ್ರಿ ಎರಡರಿಂದ ಐದರ ತನಕ ಅದು ದೇಹವನ್ನು ಅತ್ಯಂತ ಕೆಳಗೆ ಇಳಿಸಿರುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಸಣ್ಣದಾಗಿ ಇನ್ನೊಮ್ಮೆ ಇಳಿಸುತ್ತದೆ. ಊಟದ ಮೇಲೆ ಬರುವ ಜೊಂಪನ್ನು ಕುಚ್ಚಲಕ್ಕಿ ಗಂಜಿಯ ತಲೆಗೆ ಕಟ್ಟುವುದುಂಟು. ಗಂಜಿ ಉಣ್ಣದವರಿಗೂ ಅದು ಬಂದೇ ಬರುತ್ತದೆ.

ನಿದ್ದೆ ಹತ್ತಲು ದೇಹದ ಒಳಗಿನ ಶಾಖ ಸ್ವಲ್ಪ ಇಳಿಯಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರು ಆರದೆ ಮೈಗಂಟಿಕೊಂಡಿರುವಾಗ ಈ ಇಳಿಕೆ ತಡವಾಗುತ್ತದೆ. ಮಲಗುವ ಒಂದೆರಡು ಗಂಟೆ ಮೊದಲು ಹತ್ತು ನಿಮಿಷದ ಬಿಸಿನೀರ ಸ್ನಾನ ಮಾಡಿದರೆ ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಬೀಳುತ್ತದೆ. ನಮ್ಮ ಹಳ್ಳಿಗಳ ಸಂಜೆಯ ಹಂಡೆನೀರಿನ ಸ್ನಾನಕ್ಕೆ ಹೀಗೊಂದು ಗಟ್ಟಿ ಕಾರಣವಿದೆ. ಆದರೆ ಮಿಂದ ಕೂಡಲೇ ಹಾಸಿಗೆಗೆ ಹೋದರೆ ಮೈ ಇನ್ನೂ ಬಿಸಿ ಇರುತ್ತದೆ, ಪ್ರಯೋಜನ ಕಡಿಮೆ.

ನಿದ್ದೆಗೆಟ್ಟರೆ ಮೊದಲು ಹೋಗುವುದು ತನ್ನ ಅಳತೆ

ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. "ನನಗೆ ಆರು ಸಾಕು, ಅಭ್ಯಾಸ ಆಗಿದೆ" ಎನ್ನುವವರು ಬಹಳ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರನ್ನು ಎರಡು ವಾರ ದಿನಕ್ಕೆ ಆರೇ ಗಂಟೆ ಹಾಸಿಗೆಯಲ್ಲಿ ಬಿಟ್ಟರು. ಕೊನೆಗೆ ಅವರ ಗಮನಶಕ್ತಿ ಒಂದು ಇಡೀ ರಾತ್ರಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ನಾಲ್ಕು ಗಂಟೆಗೆ ಇಳಿಸಿದವರದ್ದು ಎರಡು ರಾತ್ರಿ ಕೆಟ್ಟವರ ಮಟ್ಟಕ್ಕೆ. ಅದಕ್ಕಿಂತ ಮುಖ್ಯ ಇನ್ನೊಂದು: ಮೊದಲ ಕೆಲವು ದಿನ ಬಿಟ್ಟರೆ, ತಮಗೆ ತೂಕಡಿಕೆ ಹೆಚ್ಚುತ್ತಿದೆ ಎಂದು ಅವರಿಗೇ ಅನ್ನಿಸುತ್ತಿರಲಿಲ್ಲ. ಕೆಲಸ ದಿನದಿಂದ ದಿನಕ್ಕೆ ಕೆಡುತ್ತಿತ್ತು, "ಪರವಾಗಿಲ್ಲ" ಎಂಬ ಉತ್ತರ ಹಾಗೇ ಇತ್ತು. ಅಭ್ಯಾಸವಾಗಿದೆ ಎನ್ನುವ ಮಾತನ್ನು ನಂಬಬಾರದು ಎನ್ನುವುದು ಇದಕ್ಕೇ. ಅಳೆಯುವ ಕೋಲೇ ಮುರಿದಿರುತ್ತದೆ.

ಈಗ ಶಿರಾಡಿಯ ಬಸ್ಸಿಗೆ ಬನ್ನಿ. ಚಾಲಕರು ಬೆಳಿಗ್ಗೆ ಹತ್ತಕ್ಕೆ ಎದ್ದಿದ್ದಾರೆ, ಮಧ್ಯಾಹ್ನ ಮಲಗಿಲ್ಲ ಎಂದಿಟ್ಟುಕೊಳ್ಳಿ. ರಾತ್ರಿ ಮೂರಕ್ಕೆ ಅವರು ಎಚ್ಚರವಿದ್ದು 17 ಗಂಟೆ ಆಗಿರುತ್ತದೆ. 17 ಗಂಟೆ ಎಚ್ಚರವಿದ್ದವರ ಕೈಚುರುಕು, ಪ್ರತಿಕ್ರಿಯೆಯ ವೇಗ, ರಕ್ತದಲ್ಲಿ ಶೇ. 0.05 ಮದ್ಯ ಇರುವವರಷ್ಟೇ ಕುಂದಿರುತ್ತದೆ ಎಂದು 1990ರ ದಶಕದ ಕೊನೆಯ ಪ್ರಯೋಗಗಳು ತೋರಿಸಿವೆ. 24 ಗಂಟೆಯಾದರೆ ಶೇ. 0.10ರ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೇಳುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ., ಅಂದರೆ ಶೇ. 0.03. ಒಂದು ತೊಟ್ಟು ಮದ್ಯ ಮುಟ್ಟದ ಚಾಲಕರೂ ಆ ಹೊತ್ತಿಗೆ ಕಾನೂನಿನ ಮಿತಿ ಮೀರಿ ಕುಡಿದವರಂತೆ ಸ್ಟೀರಿಂಗ್ ಹಿಡಿದಿರಬಹುದು, ಮತ್ತು ಇದನ್ನು ಯಾವ ಊದುವ ಯಂತ್ರವೂ ಹಿಡಿಯದು.

ಇದರ ಮೇಲೆ ಕ್ಷಣಿಕ ನಿದ್ದೆ. ಕಣ್ಣು ತೆರೆದೇ ಇರಬಹುದು, ಮಿದುಳು ಮೂರು ನಾಲ್ಕು ಸೆಕೆಂಡು ಆರಿಹೋಗಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡೆಂದರೆ ಸುಮಾರು 67 ಮೀಟರು. ಘಾಟಿಯ ಒಂದು ತಿರುವಿಗೆ ಅಷ್ಟು ಸಾಕು. ಹಾಡು ಜೋರು ಮಾಡುವುದು, ಕಿಟಕಿ ಇಳಿಸುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು ಕೆಲವೇ ನಿಮಿಷದ ಆಟ. ನಿಜವಾಗಿ ಕೆಲಸ ಮಾಡುವ ಕ್ರಮ ಇದು: ಗಾಡಿ ಬದಿಗೆ ಹಾಕಿ ಒಂದು ಕಾಫಿ ಕುಡಿದು, ಕೂಡಲೇ 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗುವುದು. ಕೆಫೀನ್ ರಕ್ತಕ್ಕೆ ಏರುವ ಹೊತ್ತಿಗೆ ಎಚ್ಚರವಾಗುತ್ತದೆ. ಎದ್ದ ಮೇಲೂ ಮಂಪರು ಹರಿಯಲು ಹದಿನೈದು ನಿಮಿಷ ಬೇಕು, ಅಷ್ಟು ಹೊತ್ತು ಗಾಡಿ ಮುಟ್ಟಬಾರದು. ಇದೂ ಒಂದೆರಡು ಗಂಟೆ ಸಾಗಿಸುವ ಉಪಾಯವಷ್ಟೆ, ನಿದ್ದೆಯ ಬದಲಿ ಅಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರ ಕೆಲಸಕ್ಕೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಹಗಲು ಬಸ್ಸು ತೊಳೆಸಿ, ಗ್ಯಾರೇಜಿಗೆ ಒಯ್ದು, ಪಾರ್ಸೆಲ್ ಲೆಕ್ಕ ಕೊಟ್ಟು ರಾತ್ರಿ ಮತ್ತೆ ಹತ್ತುವವರ ದಿನದಲ್ಲಿ ಆ ಎಂಟು ಗಂಟೆ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಮಾಲಕರೂ ಪ್ರಯಾಣಿಕರೂ ಕೇಳಬೇಕು.

ದೇಹದ ಒಳಗಿನ ಹಾನಿ ನಿಧಾನ. 1999ರ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಯುವಕರು ಆರು ರಾತ್ರಿ ನಾಲ್ಕೇ ಗಂಟೆ ಮಲಗಿದಾಗ, ಸಕ್ಕರೆಯನ್ನು ನಿಭಾಯಿಸುವ ಅವರ ದೇಹದ ಶಕ್ತಿ ಮಧುಮೇಹದ ಹೊಸ್ತಿಲಿಗೆ ಬಂದಂತೆ ಕುಗ್ಗಿತ್ತು. ಹಸಿವು ಹೆಚ್ಚಿಸುವ ಗ್ರೆಲಿನ್ ಏರುತ್ತದೆ, ಹೊಟ್ಟೆ ತುಂಬಿತು ಎನ್ನಿಸುವ ಲೆಪ್ಟಿನ್ ಇಳಿಯುತ್ತದೆ. ನಡುರಾತ್ರಿ ಗೋಳಿಬಜೆ, ಪರೋಟ ಕರೆಯುವುದು ಸುಮ್ಮನೆ ಅಲ್ಲ. ರಕ್ತದೊತ್ತಡ ರಾತ್ರಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ರೋಗನಿರೋಧಕ ಶಕ್ತಿ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ರಾತ್ರಿಪಾಳಿಯ ಕೆಲಸವನ್ನು 2007ರಲ್ಲಿ "ಬಹುಶಃ ಕ್ಯಾನ್ಸರ್‌ಕಾರಕ" ಪಟ್ಟಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲಿಯೇ ಇರಿಸಿತು.

ಬಿಡುವಿಲ್ಲದವರಿಗೆ

ರಾತ್ರಿಪಾಳಿಯ ನರ್ಸ್‌ಗಳು, ಕಾಲ್ ಸೆಂಟರಿನವರು, ಕಾರ್ಖಾನೆ ಶಿಫ್ಟಿನವರು ಮನೆಗೆ ಬರುವ ದಾರಿಯಲ್ಲೇ ಅರ್ಧ ನಿದ್ದೆ ಕಳೆದುಕೊಳ್ಳುತ್ತಾರೆ. ಬೆಳಿಗ್ಗೆ ಏಳೂವರೆಯ ಬಿಸಿಲು ಕಣ್ಣಿಗೆ ಬಿದ್ದರೆ ಗಡಿಯಾರ "ಹಗಲು ಶುರು" ಎಂದು ಬರೆದುಕೊಳ್ಳುತ್ತದೆ. ಬಸ್ಸಿನಲ್ಲಿ ಬರುವವರು ಕಪ್ಪು ಕನ್ನಡಕ ಹಾಕಿಕೊಳ್ಳಿ. ಸ್ಕೂಟರು ಓಡಿಸುವವರು ಮಾತ್ರ ಬೇಡ, ಮೊದಲೇ ತೂಕಡಿಕೆ ಇರುತ್ತದೆ. ಕೋಣೆಗೆ ದಪ್ಪ ಪರದೆ, ಫ್ಯಾನಿನ ಒಂದೇ ಹದದ ಸದ್ದು, ಮೊಬೈಲು ಇನ್ನೊಂದು ಕೋಣೆಯಲ್ಲಿ. ಗೇಟಿನ ಗಂಟೆ, ಮೀನು ಮಾರುವವರ ಕೂಗು, ಮಿಕ್ಸಿ ಇವೆಲ್ಲ ರಾತ್ರಿ ಎರಡು ಗಂಟೆಗೆ ಎಬ್ಬಿಸಿದ ಹಾಗೇ ಎಂದು ಮನೆಯವರಿಗೆ ಬಿಡಿಸಿ ಹೇಳಬೇಕು. ಪಾಳಿಗೆ ಹೋಗುವ ಮೊದಲು ಒಂದೂವರೆ ಗಂಟೆ ಮಲಗಿದರೆ ರಾತ್ರಿ ಮೂರರ ಇಳಿತ ಅಷ್ಟು ಆಳ ಇರುವುದಿಲ್ಲ. ಕಾಫಿ ಪಾಳಿಯ ಮೊದಲ ಅರ್ಧದಲ್ಲಿ ಮಾತ್ರ. ರಜೆಯ ದಿನ ಪೂರ್ತಿ ಹಗಲಿನ ಕ್ರಮಕ್ಕೆ ಜಿಗಿಯುವ ಬದಲು ಎರಡೂ ಕ್ರಮಕ್ಕೆ ಸೇರುವ ನಾಲ್ಕು ಗಂಟೆ, ಉದಾಹರಣೆಗೆ ಬೆಳಿಗ್ಗೆ ನಾಲ್ಕರಿಂದ ಎಂಟು, ಯಾವಾಗಲೂ ನಿದ್ದೆಗೇ ಇರಲಿ ಎನ್ನುವುದು ಒಂದು ಉಪಾಯ. ಪಾಳಿ ಬೇಗ ಮುಗಿಯುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಆಳಸಮುದ್ರದ ಬೋಟಿನಲ್ಲಿ ಬಲೆ ಬಿಟ್ಟು ಎಳೆಯುವ ಸುತ್ತು ಹಗಲು ರಾತ್ರಿ ನಡೆಯುವುದರಿಂದ ನಿದ್ದೆ ತುಂಡು ತುಂಡು. ತುಂಡು ನಿದ್ದೆಯಲ್ಲಿ ಗಾಢನಿದ್ದೆಯ ಪಾಲು ಸ್ವಲ್ಪ ಸಿಗಬಹುದು, ಕನಸಿನ ನಿದ್ದೆಯ ಪಾಲು ಹೆಚ್ಚಾಗಿ ತಪ್ಪುತ್ತದೆ, ಏಕೆಂದರೆ ಅದು ಬರುವುದು ನಿದ್ದೆಯ ಕೊನೆಯ ಭಾಗದಲ್ಲಿ. ತಂಡೇಲರು (ಬೋಟಿನ ಮುಖ್ಯಸ್ಥರು) ಸರದಿ ಹಾಕಿ ಪ್ರತಿಯೊಬ್ಬರಿಗೂ ದಿನಕ್ಕೆ ಒಂದು ಸಲವಾದರೂ ನಾಲ್ಕೂವರೆ ಗಂಟೆಯ ಮುರಿಯದ ನಿದ್ದೆ ಕೊಡಿಸಿದರೆ, ಅಂದರೆ ತೊಂಬತ್ತು ನಿಮಿಷದ ಮೂರು ಸುತ್ತು, ವಿಂಚಿನ ಹಗ್ಗಕ್ಕೆ ಕೈ ಸಿಕ್ಕಿಕೊಳ್ಳುವಂಥ ಅನಾಹುತಗಳ ಸಾಧ್ಯತೆ ಕಡಿಮೆಯಾಗುತ್ತದೆ.

ಕೊಲ್ಲಿ ದೇಶದಲ್ಲಿರುವವರ ಮನೆಗಳ ನಿದ್ದೆಗೇಡು ಯಾರ ಲೆಕ್ಕಕ್ಕೂ ಬರುವುದಿಲ್ಲ. ಸೌದಿ, ಕುವೈತ್, ಕತಾರ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಗಂಡ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಕರೆ ಮಾಡಿದರೆ ಇಲ್ಲಿ ಹನ್ನೊಂದೂವರೆ. ಮಾತು ಮುಗಿದಾಗ ಹನ್ನೆರಡೂವರೆ. ಬೆಳಿಗ್ಗೆ ಐದೂವರೆಗೆ ಎದ್ದು ಮಕ್ಕಳ ಬುತ್ತಿ ಕಟ್ಟಬೇಕು. ಐದೇ ಗಂಟೆ. ವರ್ಷಗಟ್ಟಲೆ ಹೀಗೆ ನಡೆದ ಮೇಲೆ ತಲೆನೋವು, ಸಿಡುಕು, ಮರೆವು ಎಂದು ಆಸ್ಪತ್ರೆಗೆ ಹೋದರೆ ಸ್ಕ್ಯಾನಿನಲ್ಲಿ ಏನೂ ಸಿಗುವುದಿಲ್ಲ. ವಾರದಲ್ಲಿ ಐದು ದಿನವಾದರೂ ಕರೆಯನ್ನು ಅವರ ಊಟದ ಬಿಡುವಿಗೆ ಬದಲಿಸುವುದು ಇಲ್ಲಿನ ಚಿಕಿತ್ಸೆ.

ವಿದ್ಯಾರ್ಥಿಗಳ ಬಗ್ಗೆ ಒಂದೇ ಮಾತು. ಹದಿಹರೆಯದ ಗಡಿಯಾರ ಸಹಜವಾಗಿ ಒಂದೆರಡು ಗಂಟೆ ತಡವಾಗಿ ಓಡುತ್ತದೆ. ಹನ್ನೊಂದರವರೆಗೆ ಓದಿಸಿ ಐದಕ್ಕೆ ಎಬ್ಬಿಸುವ ಹಾಸ್ಟೆಲ್, ಓದಿದ್ದು ನೆನಪಿನಲ್ಲಿ ಕೂರುವ ಹೊತ್ತನ್ನೇ ಕತ್ತರಿಸುತ್ತಿದೆ.

ಎಂಟು ಗಂಟೆ ಮಲಗಿಯೂ ಸಾಲದವರಿಗೆ

ಎರಡನೆಯ ಬಗೆಯವರು ತಾವು ರೋಗಿಗಳೆಂದೇ ತಿಳಿದಿರುವುದಿಲ್ಲ. "ಅವರಿಗೆ ಒಳ್ಳೆಯ ನಿದ್ದೆ, ತಲೆ ಇಟ್ಟರೆ ಗೊರಕೆ" ಎಂದು ಮನೆಯಲ್ಲಿ ಹೊಗಳಿಕೆ. ಗೊರಕೆ ಏರುತ್ತಾ ಏರುತ್ತಾ ಒಮ್ಮೆಲೇ ನಿಂತು, ಹತ್ತು ಇಪ್ಪತ್ತು ಸೆಕೆಂಡು ನಿಶ್ಶಬ್ದವಾಗಿ, ಮತ್ತೆ ಉಸಿರು ಕಟ್ಟಿದವರಂತೆ ಗಕ್ಕನೆ ಶುರುವಾದರೆ ಅದು ನಿದ್ದೆಯ ಉಸಿರುಗಟ್ಟುವಿಕೆ, ಸ್ಲೀಪ್ ಅಪ್ನಿಯಾ. ಗಂಟಲಿನ ಮಾಂಸ ಸಡಿಲವಾಗಿ ದಾರಿ ಮುಚ್ಚುತ್ತದೆ, ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ರಾತ್ರಿಯಲ್ಲಿ ನೂರಾರು ಸಲ ಹೀಗಾದರೂ ಬೆಳಿಗ್ಗೆ ಏನೂ ನೆನಪಿರುವುದಿಲ್ಲ. ಬೆಳಗಿನ ತಲೆನೋವು, ಒಣಗಿದ ಬಾಯಿ, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಮೂರು ಮಾತ್ರೆಗೂ ಬಗ್ಗದ ಬಿ.ಪಿ., ಸಭೆಯಲ್ಲಿ ಕೂತರೆ ತೂಕಡಿಕೆ ಇವು ಅದರ ಗುರುತು.

ವೈದ್ಯರು ಎಂಟು ಪ್ರಶ್ನೆ ಕೇಳುತ್ತಾರೆ: ಜೋರು ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ಬಿ.ಪಿ., ಬೊಜ್ಜು, 50 ದಾಟಿದ ವಯಸ್ಸು, 40 ಸೆಂ.ಮೀ.ಗಿಂತ ದಪ್ಪ ಕುತ್ತಿಗೆ, ಗಂಡಸು. ಮೂರಕ್ಕೆ ಹೌದು ಎಂದರೆ ಪರೀಕ್ಷೆ ಮಾಡಿಸುವುದು ಒಳ್ಳೆಯದು, ಐದಾದರೆ ತಡ ಮಾಡಬಾರದು. ಕುತ್ತಿಗೆಯ ಅಳತೆಗೆ ದರ್ಜಿಯ ಟೇಪು ಸಾಕು. ತೆಳ್ಳಗಿರುವವರಿಗೂ, ಅದರಲ್ಲೂ ಕೆಳದವಡೆ ಹಿಂದಕ್ಕಿರುವವರಿಗೆ, ಇದು ಬರುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಹೆಚ್ಚುತ್ತದೆ, ಆದರೆ ಅವರು ಗೊರಕೆಯ ಬದಲು "ಸುಸ್ತು, ನಿದ್ದೆ ಬರುವುದಿಲ್ಲ" ಎಂದೇ ಹೇಳುವುದರಿಂದ ತಪ್ಪಿಹೋಗುತ್ತದೆ.

ಇದಕ್ಕೆ ಹೋಗಬೇಕಾದದ್ದು ಶ್ವಾಸಕೋಶ ತಜ್ಞರು ಅಥವಾ ಇ.ಎನ್.ಟಿ. ವೈದ್ಯರ ಬಳಿ. ಆಸ್ಪತ್ರೆಯಲ್ಲಿ ಮಾಡುವ ನಿದ್ದೆ ಪರೀಕ್ಷೆಯ ರಾತ್ರಿ ಹೀಗಿರುತ್ತದೆ: ಎಂಟೊಂಬತ್ತು ಗಂಟೆಗೆ ಬರಲು ಹೇಳುತ್ತಾರೆ. ತಲೆಗೆ ಎಣ್ಣೆ ಹಾಕಿರಬಾರದು, ಅಂಟಿಸಿದ ತಂತಿ ಜಾರುತ್ತದೆ. ನೆತ್ತಿಯಲ್ಲಿ ಮಿದುಳಿನ ಅಲೆಗೆ, ಕಣ್ಣಿನ ಬದಿಯಲ್ಲಿ ಕಣ್ಣಿನ ಚಲನೆಗೆ, ಗಲ್ಲ ಮತ್ತು ಕಾಲಿನಲ್ಲಿ ಸ್ನಾಯುವಿಗೆ, ಎದೆಯಲ್ಲಿ ಹೃದಯಕ್ಕೆ ತಂತಿಗಳು. ಮೂಗಿಗೆ ಸಣ್ಣ ನಳಿಕೆ, ಎದೆಗೂ ಹೊಟ್ಟೆಗೂ ಪಟ್ಟಿ, ಬೆರಳಿಗೆ ಆಮ್ಲಜನಕದ ಕ್ಲಿಪ್ಪು. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. "ಇಷ್ಟು ತಂತಿ ಇಟ್ಟುಕೊಂಡು ನನಗೆ ನಿದ್ದೆಯೇ ಬರಲಿಲ್ಲ" ಎಂದು ಬೆಳಿಗ್ಗೆ ಹಲವರು ಹೇಳುತ್ತಾರೆ, ಲೆಕ್ಕ ಹಾಕಲು ಸಾಕಾಗುವಷ್ಟು ನಿದ್ದೆ ಸಾಮಾನ್ಯವಾಗಿ ದಾಖಲಾಗಿರುತ್ತದೆ. ಅಪ್ನಿಯಾದ ಅನುಮಾನ ಗಟ್ಟಿಯಾಗಿದ್ದು ಬೇರೆ ಕಾಯಿಲೆಗಳಿಲ್ಲದಿದ್ದರೆ ಕಡಿಮೆ ತಂತಿಯ ಚಿಕ್ಕ ಯಂತ್ರವನ್ನು ಮನೆಗೇ ಕೊಡುತ್ತಾರೆ, ಖರ್ಚೂ ಕಡಿಮೆ. ಫಲಿತಾಂಶದಲ್ಲಿ ನೋಡಬೇಕಾದ ಅಂಕೆ, ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತಗ್ಗಿತು ಎಂಬುದು: 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ.

ಮಧ್ಯಮಕ್ಕೂ ತೀವ್ರಕ್ಕೂ ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಮಾಸ್ಕಿನ ಮೂಲಕ ಹದವಾದ ಗಾಳಿ ಒತ್ತಿ ಗಂಟಲನ್ನು ತೆರೆದಿಡುತ್ತದೆ. ಒತ್ತಡ, ನೀರಿನ ಕಂಬದ ಎತ್ತರದಲ್ಲಿ ಅಳೆದರೆ, ಸಾಮಾನ್ಯವಾಗಿ 4ರಿಂದ 20 ಸೆಂ.ಮೀ. ನಡುವೆ. ಹಲವರು ಮೊದಲ ತಿಂಗಳಲ್ಲೇ ಇದನ್ನು ಕಪಾಟಿಗೆ ಸೇರಿಸಿಬಿಡುತ್ತಾರೆ, ಅದಕ್ಕೆ ಕಾರಣಗಳು ಸಣ್ಣವು. ಮಾಸ್ಕಿನ ಅಳತೆ ಸರಿಯಿಲ್ಲದೆ ಗಾಳಿ ಕಣ್ಣಿಗೆ ಸೋರುವುದು. ಪಟ್ಟಿ ಬಿಗಿದಷ್ಟೂ ಸೋರಿಕೆ ಹೆಚ್ಚುತ್ತದೆ, ಮಲಗಿದ ಭಂಗಿಯಲ್ಲೇ ಸಡಿಲಿಸಿ ಕೂರಿಸಬೇಕು. ದಟ್ಟ ಗಡ್ಡವಿದ್ದರೆ ಮೂಗಿನ ಹೊಳ್ಳೆಗೆ ಕೂರುವ ಸಣ್ಣ ಮಾಸ್ಕು ಕೇಳಿ. ಎ.ಸಿ. ಕೋಣೆಯಲ್ಲಿ ಪೈಪಿನೊಳಗೆ ನೀರು ಹನಿಗಟ್ಟಿ ಮುಖಕ್ಕೆ ಚಿಮ್ಮುವುದು ನಮ್ಮಲ್ಲಿ ಸಾಮಾನ್ಯ. ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗಿಡಿ, ತೇವದ ಮಟ್ಟ ಇಳಿಸಿ. ಡಬ್ಬಿಗೆ ಬಾವಿನೀರು ಬೇಡ, ಡಿಸ್ಟಿಲ್ಡ್ ನೀರು ಹಾಕಿ. ಮಳೆಗಾಲದ ಮೂರು ತಿಂಗಳು ಪೈಪು ಒಣಗದೆ ಬೂಸಲು ಹಿಡಿಯುತ್ತದೆ. ದಿನಾ ಮಾಸ್ಕು, ವಾರಕ್ಕೊಮ್ಮೆ ಪೈಪು ಸಾಬೂನುನೀರಿನಲ್ಲಿ ತೊಳೆದು ಫ್ಯಾನಿನ ಕೆಳಗೆ ತೂಗುಹಾಕಿ. ಮುಂಗಾರಿಗೆ ಮೊದಲಿನ ಸಿಡಿಲಿನ ದಿನಗಳಲ್ಲಿ ಪ್ಲಗ್ ಕೀಳುವುದೇ ಕ್ಷೇಮ. ಕರೆಂಟು ಹೋದರೆ ಉಸಿರು ಕಟ್ಟುವುದಿಲ್ಲ, ಮಾಸ್ಕಿಗೆ ಗಾಳಿಯ ಕಂಡಿ ಇರುತ್ತದೆ. ರಾತ್ರಿಗೆ ಕನಿಷ್ಠ ನಾಲ್ಕು ಗಂಟೆ, ಹತ್ತರಲ್ಲಿ ಏಳು ರಾತ್ರಿ ಹಾಕಿದರೆ ಅಭ್ಯಾಸ ಕುದುರಿತು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ, ಆದರೆ ನಿದ್ದೆ ಇರುವಷ್ಟು ಹೊತ್ತೂ ಹಾಕಿದರೆ ಮಾತ್ರ ಪೂರ್ತಿ ಗುಣ.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನ ರಜೆ. ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳಗಳೂ ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಮೀನುಗಾರರಿಗೂ ಕಲಾವಿದರಿಗೂ ನಿದ್ದೆ ಪರೀಕ್ಷೆ ಮಾಡಿಸಿ, ಯಂತ್ರಕ್ಕೆ ಒಗ್ಗಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾಲ ಸಿಗದು.

ನಿದ್ದೆಯೇ ಬಾರದವರಿಗೆ

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಬಾರದೆ, ಹಗಲಿನ ಕೆಲಸವೂ ಕೆಡುತ್ತಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ಶುರುವಿಗೆ ಒಂದು ಕಾರಣ ಇರುತ್ತದೆ: ಸಾವು, ಸಾಲ, ಮಗಳ ಮದುವೆ, ಜಾಗದ ತಕರಾರು. ಕಾರಣ ಹೋದ ಮೇಲೂ ನಿದ್ದೆ ಬಾರದಿರುವುದು, ನಿದ್ದೆಗಾಗಿ ನಾವು ಪಡುವ ಪ್ರಯತ್ನದಿಂದಲೇ. ಬೇಗ ಮಲಗುವುದು, ತಡವಾಗಿ ಏಳುವುದು, ಮಧ್ಯಾಹ್ನ ಎರಡು ಗಂಟೆ ಒರಗುವುದು, ರಾತ್ರಿ ಗಂಟೆ ನೋಡುವುದು. ಹಾಸಿಗೆ ಎಂದರೆ ಚಿಂತೆಯ ಜಾಗ ಎಂದು ಮಿದುಳು ಕಲಿತುಬಿಡುತ್ತದೆ. ಇದನ್ನು ಮರೆಸುವ ಕ್ರಮವೇ ನಿದ್ರಾಹೀನತೆಯ ಅರಿವು–ವರ್ತನೆ ಚಿಕಿತ್ಸೆ, ಸಿ.ಬಿ.ಟಿ.–ಐ. ನಾಲ್ಕರಿಂದ ಎಂಟು ಭೇಟಿ. ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲಿ ಹೇಳಿತು. ನಮ್ಮಲ್ಲಿ ಇದನ್ನು ಮಾಡಿಸುವವರು ಮನೋವೈದ್ಯಕೀಯ ವಿಭಾಗದ ಕ್ಲಿನಿಕಲ್ ಸೈಕಾಲಜಿಸ್ಟರು.

ಇದರ ಬೆನ್ನೆಲುಬು ಒಂದು ಲೆಕ್ಕ. ಉಡುಪಿಯ ನೌಕರರೊಬ್ಬರು ಹತ್ತಕ್ಕೆ ಮಲಗಿ ಆರಕ್ಕೆ ಏಳುತ್ತಾರೆ, ಎರಡು ವಾರದ ಡೈರಿಯಲ್ಲಿ ಸರಾಸರಿ ನಿದ್ದೆ ಐದೂವರೆ ಗಂಟೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಯಲ್ಲಿ ಐದೂವರೆ, ಶೇ. 69. ಚಿಕಿತ್ಸೆ ಅವರಿಗೆ ಹೇಳುವುದು: ಏಳುವುದು ಆರಕ್ಕೇ, ಭಾನುವಾರವೂ, ಮಲಗುವುದು ಮಾತ್ರ ಹನ್ನೆರಡೂವರೆಗೆ. ಅಲ್ಲಿಯವರೆಗೆ ಹಾಸಿಗೆಯ ಹತ್ತಿರ ಹೋಗುವಂತಿಲ್ಲ. ಮೊದಲ ವಾರ ಕಷ್ಟ, ಹಗಲು ತೂಕಡಿಕೆ ಹೆಚ್ಚೇ ಆಗುತ್ತದೆ, ಹಲವರು ಬಿಡುವುದು ಇಲ್ಲಿಯೇ. ಆದರೆ ಅಡೆನೋಸಿನ್ನಿನ ಒತ್ತಡ ಏರಿ ನಿದ್ದೆ ಒಟ್ಟಾಗುತ್ತದೆ. ವಾರದ ಕೊನೆಗೆ ಐದೂವರೆಯಲ್ಲಿ ಐದು ಗಂಟೆ ನಿದ್ದೆ ಬಂದರೆ ಶೇ. 91. ಶೇ. 85 ದಾಟಿದ್ದರಿಂದ ಮುಂದಿನ ವಾರ ಹದಿನೈದು ನಿಮಿಷ ಬೇಗ, ಹನ್ನೆರಡೂಕಾಲಿಗೆ. 80ರಿಂದ 85 ಇದ್ದರೆ ಹಾಗೇ ಮುಂದುವರಿಸುವುದು, 80ಕ್ಕಿಂತ ಕಡಿಮೆಯಾದರೆ ಹದಿನೈದು ನಿಮಿಷ ಕಡಿತ. ಐದು ಗಂಟೆಗಿಂತ ಕೆಳಗೆ ಎಂದೂ ಇಳಿಸುವುದಿಲ್ಲ. ಜೊತೆಗೆ ಇನ್ನೊಂದು ನಿಯಮ: ಸುಮಾರು ಇಪ್ಪತ್ತು ನಿಮಿಷ ನಿದ್ದೆ ಹತ್ತಲಿಲ್ಲ ಎನ್ನಿಸಿದರೆ (ಗಡಿಯಾರ ನೋಡಬೇಡಿ) ಎದ್ದು ಹೊರಬಂದು ಮಂದ ಬೆಳಕಿನಲ್ಲಿ ಏನಾದರೂ ನೀರಸವಾದದ್ದು ಮಾಡಿ, ಕಣ್ಣು ಎಳೆದಾಗ ಮರಳುವುದು.

ಅಪಸ್ಮಾರ, ಬೈಪೋಲಾರ್ ಕಾಯಿಲೆ, ಚಿಕಿತ್ಸೆ ಇಲ್ಲದ ಅಪ್ನಿಯಾ ಇರುವವರು, ಬಸ್ಸು ಲಾರಿ ಓಡಿಸುವವರು ಈ ಕಡಿತವನ್ನು ತಾವಾಗಿ ಮಾಡಕೂಡದು. ಇನ್ನೊಂದು ಎಚ್ಚರ: ಸಂಜೆಯಾದಂತೆ ಕಾಲಿನೊಳಗೆ ಏನೋ ಹರಿದಂತಾಗಿ, ಆಡಿಸದೆ ಇರಲಾಗದೆ ನಿದ್ದೆ ಕೆಡುತ್ತಿದ್ದರೆ ಅದು ಬೇರೆಯೇ ಕಾಯಿಲೆ, ರೆಸ್ಟ್‌ಲೆಸ್ ಲೆಗ್ಸ್. ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಮಿ.ಲೀ.ಗೆ 75 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ, ಹಿಮೋಗ್ಲೋಬಿನ್ ಸರಿಯಿದ್ದರೂ, ಕಬ್ಬಿಣ ಕೊಡುವುದುಂಟು. ಬಸುರಿಯರಲ್ಲಿ ಇದು ಹೆಚ್ಚು.

ಮಾತ್ರೆಯ ಮಾತು

ಆಲ್ಪ್ರಜೋಲಂ, ಡಯಾಜೆಪಾಂ, ಜೋಲ್ಪಿಡೆಂ ಎಚ್–1 ಪಟ್ಟಿಯ ಔಷಧಗಳು. ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಮೆಡಿಕಲಿನವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳೆಯ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ತರುವುದು ಈ ನಿಯಮದ ಕಣ್ಣಿಗೆ ಮಣ್ಣು. ತೀರಾ ಸಂಕಟದ ಕೆಲವು ದಿನಗಳಿಗೆ ಈ ಮಾತ್ರೆಗಳಿಗೆ ಜಾಗವಿದೆ. ವಾರಗಳು ಕಳೆದಂತೆ ಅದೇ ಡೋಸು ಸಾಲದಾಗುತ್ತದೆ. ಮುದುಕರು ರಾತ್ರಿ ಬಚ್ಚಲಿಗೆ ಏಳುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಅಪ್ನಿಯಾ ಇರುವವರ ಗಂಟಲು ಇನ್ನಷ್ಟು ಸಡಿಲವಾಗುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಮದ್ಯವೊಂದನ್ನೇ ನಿದ್ದೆಗೆ ಕುಡಿಯುವವರಿಗೂ ಬೇಗ ಕಣ್ಣು ಹತ್ತುತ್ತದೆ, ರಾತ್ರಿಯ ಎರಡನೆಯ ಅರ್ಧ ಚೂರುಚೂರು.

ಆದರೆ ಇದನ್ನು ಓದಿ ಇಂದೇ ಮಾತ್ರೆ ನಿಲ್ಲಿಸಬೇಡಿ. ಆಲ್ಪ್ರಜೋಲಂ, ಡಯಾಜೆಪಾಂಗಳನ್ನು ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೆ ನಡುಕ, ಗಾಬರಿ, ಫಿಟ್ಸ್ ಕೂಡ ಬರಬಹುದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಡೋಸಿನ ಶೇ. 5ರಿಂದ 10ರಷ್ಟು ಇಳಿಸುವುದು ಕ್ರಮ. ಹತ್ತು ವರ್ಷ ತಿಂದವರಿಗೆ ಬಿಡಲು ಒಂದು ವರ್ಷವೂ ಬೇಕಾದೀತು, ಅದರಲ್ಲಿ ಸೋಲೇನೂ ಇಲ್ಲ.

ಎಲ್ಲಿ, ಯಾವಾಗ

ಬೆಳಗಿನ ಜಾವ ಮೂರು ನಾಲ್ಕಕ್ಕೇ ಎಚ್ಚರವಾಗಿ, ಬೆಳಗಾಗುವುದೇ ಭಾರ ಎನ್ನಿಸುತ್ತಿದ್ದರೆ ಅದು ಖಿನ್ನತೆಯ ಗುರುತಾಗಿರಬಹುದು. ಆಗ ನಿದ್ದೆಯೊಂದನ್ನೇ ಚಿಕಿತ್ಸೆ ಮಾಡಿದರೆ ಆಗದು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಗಳು, ಕಂಕನಾಡಿ, ದೇರಳಕಟ್ಟೆ, ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಚೀಟಿ ಮಾಡಿಸುವ ಕೌಂಟರಿನಲ್ಲಿ ಕೇಳಿ. ನಡುರಾತ್ರಿ ಮಾತಾಡಲು ಯಾರಾದರೂ ಬೇಕೆನಿಸಿದರೆ 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್, ಸಂಖ್ಯೆ 14416, ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಕೆಲವು ನಿದ್ದೆಗೇಡಿಗೆ ಅಪಾಯಿಂಟ್‌ಮೆಂಟ್ ಕಾಯುವಂತಿಲ್ಲ. ಹೆರಿಗೆಯಾದ ಮೊದಲ ವಾರಗಳಲ್ಲಿ, ಮಗು ಮಲಗಿದಾಗಲೂ ಬಾಣಂತಿಗೆ ಎರಡು ಮೂರು ರಾತ್ರಿ ಕಣ್ಣು ಹತ್ತದೆ, ಮಾತು ಅಡ್ಡಾದಿಡ್ಡಿಯಾಗಿ, ಯಾರ ಮೇಲೋ ಅನುಮಾನ ಶುರುವಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಮಗುವಿನ ಜೊತೆ ಅವರನ್ನು ಒಬ್ಬರೇ ಬಿಡಬಾರದು. ಮೂರು ದಿನ ಮಲಗದೆಯೂ ದಣಿವೇ ಇಲ್ಲದೆ ಉತ್ಸಾಹ, ಖರ್ಚು, ಮಾತು ಏರುತ್ತಿದ್ದರೂ ಹಾಗೆಯೇ. ದಿನಾ ಕುಡಿಯುತ್ತಿದ್ದವರು ಒಮ್ಮೆಲೇ ಬಿಟ್ಟು ಎರಡು ಮೂರನೆಯ ದಿನ ನಿದ್ದೆಯಿಲ್ಲದೆ ನಡುಗಿ, ಇಲ್ಲದ್ದು ಕಾಣತೊಡಗಿದರೆ ಅದು ಜೀವಕ್ಕೇ ಅಪಾಯ. ಸಾಯುವ ಯೋಚನೆ ಬಂದವರನ್ನಂತೂ ಒಂದು ಗಂಟೆಯೂ ಕಾಯಿಸಬಾರದು. ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಜ್ಯೋತಿಷಿಗಳ ಬಳಿ ಪ್ರಶ್ನೆ ಇಡಿಸುವ, ದೈವಕ್ಕೆ ಹೇಳಿಕೊಳ್ಳುವ ಮಾತು ಬರುತ್ತದೆ. ಹರಕೆ ಹೇಳಿಕೊಳ್ಳಿ, ಆದರೆ ಆಸ್ಪತ್ರೆಯ ದಾರಿಯಲ್ಲೇ ಹೇಳಿಕೊಳ್ಳಿ.

ಉಳಿದವರು ಮೊದಲ ಭೇಟಿಗೆ ನಾಲ್ಕು ವಸ್ತು ಹಿಡಿದು ಹೋಗಿ. ಎರಡು ವಾರದ ಡೈರಿ: ಮಲಗಿದ್ದು, ನಿದ್ದೆ ಹತ್ತಿದ್ದು, ಎಚ್ಚರವಾದದ್ದು, ಎದ್ದದ್ದು, ಹಗಲು ಒರಗಿದ್ದು, ಕಾಫಿ ಮತ್ತು ಮದ್ಯದ ಹೊತ್ತು, ಎಲ್ಲ ಅಂದಾಜಿಗೆ. ತಿನ್ನುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಅಲ್ಲ, ಸ್ಟ್ರಿಪ್ಪುಗಳೇ. ಮೊಬೈಲಿನಲ್ಲಿ ಐದು ನಿಮಿಷದ ಗೊರಕೆಯ ಸದ್ದು. ನಾಲ್ಕನೆಯದು ವಸ್ತುವಲ್ಲ, ನಿಮ್ಮ ಪಕ್ಕದಲ್ಲಿ ಅಥವಾ ಪಕ್ಕದ ಕೋಣೆಯಲ್ಲಿ ಮಲಗುವವರು. ನೀವು ಮಲಗಿದ ಮೇಲೆ ಏನಾಗುತ್ತದೆ ಎಂದು ಹೇಳಬಲ್ಲವರು ಅವರೊಬ್ಬರೇ. ವೈದ್ಯರು ಮಾತ್ರೆ ಬರೆದರೆ ಎದ್ದುಬರುವ ಮೊದಲು ಎರಡು ಪ್ರಶ್ನೆ ಕೇಳಿ: ಇದು ಎಷ್ಟು ದಿನಕ್ಕೆ, ಮತ್ತು ನಿಲ್ಲಿಸುವುದು ಹೇಗೆ? ಉತ್ತರವನ್ನು ಅದೇ ಚೀಟಿಯ ಮೇಲೆ ಬರೆಸಿಕೊಳ್ಳಿ. ಮರುಭೇಟಿಗೆ ಹೋಗುವಾಗ ಡೈರಿಯ ಮುಂದಿನ ಎರಡು ವಾರವೂ ತುಂಬಿರಲಿ.